ಕೀಚಕನನ್ನು ಕೊಂದವರು ಯಾರು?

ಮಳೆಗಾಲ. ಮೇಳಗಳೆಲ್ಲ ಗೆಜ್ಜೆ ಬಿಚ್ಚಿಟ್ಟ ಹೊತ್ತು. ಮೊನ್ನೆ ಹಾಲಾಡಿಯಲ್ಲಿ ಕರೆಂಟು ಹೋದಾಗ ಮೊಮ್ಮಕ್ಕಳು ‘ಕೊಲೆಗಾರ ಯಾರು’ ಆಟ ಹೂಡಿದರು. ಸಿಂಡ್ರೆಲಾ, ಷರ್ಲಾಕ್ ಹೋಮ್ಸ್ ಎಲ್ಲರೂ ನಮ್ಮ ಚಾವಡಿಗೆ ಬಂದರು! ‘ಸತ್ತವನು ಕೀಚಕ’ ಎಂದು ನಾನೇ ಕಥೆ ಹೇಳಿ, ವಿರಾಟರಾಜನಾಗಿ ಕುರ್ಚಿಯಲ್ಲಿ ಕುಳಿತೆ.

ನರ್ತನಶಾಲೆ, ನಡುರಾತ್ರಿ, ಮುದ್ದೆಯಾದ ಹೆಣ. ಗಂಧರ್ವರು ಕೊಂದರೆನ್ನುತ್ತಾಳೆ ಸೈರಂಧ್ರಿ. ಹೋಮ್ಸ್ ಒಪ್ಪಲಿಲ್ಲ. ಇಷ್ಟು ಬಲ ಯಾರಿಗಿದೆ ಎಂದು ಯೋಚಿಸಿ ಅಡುಗೆಯ ವಲಲನನ್ನು ಹಿಡಿದೇಬಿಟ್ಟ. ಚಪ್ಪಾಳೆ.

ಸೈರಂಧ್ರಿಯಾಗಿದ್ದ ಚಿಕ್ಕವಳು ಮಾತ್ರ ತಟ್ಟಲಿಲ್ಲ. “ಅಜ್ಜಾ, ಕೀಚಕ ಸಭೆಯಲ್ಲಿ ನನ್ನನ್ನು ಒದ್ದಾಗ ರಾಜ ಎಂತಕ್ಕೆ ಸುಮ್ಮನಿದ್ದದ್ದು?”

“ಅವನು ರಾಣಿಯ ತಮ್ಮ, ಸೇನಾಪತಿ. ರಾಜನಿಗೂ ಹೆದರಿಕೆ, ಮಗಾ.”

“ಹಂಗಾರೆ ಅವನನ್ನೂ ಹಿಡಿಯಬೇಕಲ್ದಾ?”

ಹೋಮ್ಸನ ಟಾರ್ಚು ಮೆಲ್ಲನೆ ನನ್ನ ಮುಖಕ್ಕೆ ತಿರುಗಿತು.