ನಲವತ್ನಾಲ್ಕು ತಾಸು

ಅಕ್ಕ ಮೊಬೈಲನ್ನು ಕಣ್ಣಿನಿಂದ ದೂರ ಹಿಡಿದು ಆ ಅಂಕಿಯನ್ನು ಎರಡು ಸಲ ಓದಿದಳು. ರಾತ್ರಿಗೆ 22,000 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ, ಎರಡು ರಾತ್ರಿಗೆ ಒಟ್ಟು 51,920. ಮೊಬೈಲ್ ನನ್ನ ಕೈಗಿತ್ತು, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಅಂದಳು: “ಐದು ದಿನದ ಗಲ್ಲಾ ಆತಲ್ಲೋ ತಮ್ಮಾ.”

ಲೆಕ್ಕ ಸರಿಯಾಗಿಯೇ ಇತ್ತು. ಹುಬ್ಬಳ್ಳಿಯಲ್ಲಿ ಅವಳ ಖಾನಾವಳಿಗೆ ಈಗ 31 ವರ್ಷ. ದಿನಕ್ಕೆ ನೂರಿಪ್ಪತ್ತರ ಆಸುಪಾಸು ಊಟ, ಊಟಕ್ಕೆ 90 ರೂಪಾಯಿ. ಎರಡು ರೊಟ್ಟಿ, ಒಂದು ಕಾಳುಪಲ್ಯ, ಒಂದು ಎಣಗಾಯಿ, ಶೇಂಗಾ ಹಿಂಡಿ, ಅನ್ನ, ಸಾರು, ಮೊಸರು. ಅವಳ ಜತೆ ನಾಲ್ಕು ಜನ ಹೆಣ್ಣುಮಕ್ಕಳು ಬೆಳಗಿನ ಆರಕ್ಕೆ ಒಲೆ ಮುಂದೆ ಕೂತರೆ ಮಧ್ಯಾಹ್ನ ಮೂರಕ್ಕೇ ಏಳುವುದು. ನನ್ನ ಕಾಲೇಜಿನ ಫೀ, ನೌಕರಿ ಪರೀಕ್ಷೆಗೆ ಬೆಂಗಳೂರಿಗೆ ಹೋಗಿ ಬಂದ ಖರ್ಚು, ಎಲ್ಲವೂ ಅದೇ ಗಲ್ಲಾದಿಂದ ಬಂದದ್ದು. ಈ ವರ್ಷ ನನಗೆ ವೇತನದ ಬಾಕಿ ಹಣ ಕೈಗೆ ಬಂತು. ಅದೇ ತಿಂಗಳು ಡಾಕ್ಟರು ಅಕ್ಕನ ಮೊಣಕಾಲಿನ ಎಕ್ಸ್‌ರೇ ನೋಡಿ, ಸ್ವಲ್ಪ ದಿನ ಕೆಲಸ ಬಿಟ್ಟು ಕೂಡಬೇಕು ಅಂದಿದ್ದರು. ಮನೆಯಲ್ಲಿ ಅವಳು ಕೂಡುವವಳಲ್ಲ. ಗೋವಾದ ದೊಡ್ಡ ರೆಸಾರ್ಟಿನ ವಿಚಾರ ನನ್ನ ತಲೆಗೆ ಬಂದದ್ದು ಹಾಗೆ.

ಅಕ್ಕ ಸಮುದ್ರ ನೋಡಿದ್ದು ಎರಡೇ ಸಲ, ಎರಡೂ ಸಲ ಗೋಕರ್ಣದಲ್ಲಿ. ಒಮ್ಮೆ ಅಪ್ಪನ ಅಸ್ಥಿ ಬಿಡಲು, ಇನ್ನೊಮ್ಮೆ ಭಾವನ ಅಸ್ಥಿ ಬಿಡಲು. ಎರಡು ಸಲವೂ ನೀರಿಗೆ ಬೆನ್ನು ಮಾಡಿ ಬಂದವಳಿಗೆ ಸಮುದ್ರ ಹೇಗಿತ್ತು ಎಂದರೆ ಹೇಳಲು ಏನೂ ಇರಲಿಲ್ಲ.

ಇಷ್ಟು ಹಣ ಕೊಡಬೇಕೋ ಬೇಡವೋ ಎಂದು ನಾನು ಎರಡು ವಾರ ಯೋಚಿಸಿದ್ದೇನೆ. ಮಧ್ಯಾಹ್ನ ಮೂರಕ್ಕೆ ಖೋಲಿ ಕೊಡುತ್ತಾರೆ, ಮೂರನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಬಿಡಬೇಕು. ಎರಡು ರಾತ್ರಿ ಅಂದರೆ 44 ತಾಸು, ತಾಸಿಗೆ 1,180 ರೂಪಾಯಿ. ಅದರಲ್ಲಿ ಹದಿನಾರು ತಾಸು ನಿದ್ದೆ. ಖೋಲಿಯ ದರ ದಿನಕ್ಕೆ 7,500 ದಾಟಿತೆಂದರೆ ತೆರಿಗೆ ನೂರಕ್ಕೆ 18. ಅದೂ 2019ರ ಅಕ್ಟೋಬರಿನಿಂದ. ಅದಕ್ಕೂ ಮುಂಚೆ 28 ಇತ್ತು. ಇಂಥ ಹೋಟೆಲಿನ ಒಳಗೆ ಕೂತು ಉಂಡರೆ ಊಟಕ್ಕೂ 18. ರಸ್ತೆಯ ಮೇಲಿನ ಸಾಮಾನ್ಯ ಹೋಟೆಲಿನಲ್ಲಾದರೆ 5. ಹಾಗಾಗಿ ಜಾಹೀರಾತಿನ ದರವನ್ನು ನಂಬಿ ಹೋದವರ ಕೈಯಿಂದ ಕೊನೆಗೆ ಅದಕ್ಕಿಂತ ಬಹಳ ಹೆಚ್ಚೇ ಜಾರುತ್ತದೆ. ಡಿಸೆಂಬರ್ ಕೊನೆಯ ವಾರ ಅದೇ ಖೋಲಿಗೆ ದುಪ್ಪಟ್ಟು, ಜುಲೈ ಮಳೆಯಲ್ಲಿ ಹೆಚ್ಚುಕಡಿಮೆ ಅರ್ಧ. ನಾವು ಆರಿಸಿದ್ದು ಫೆಬ್ರುವರಿ.

ಇದರ ಕಾಲುಭಾಗದ ಹಣಕ್ಕೆ ಗೋಕರ್ಣದಲ್ಲೋ ಕಾಸರಕೋಡಿನಲ್ಲೋ ಸಮುದ್ರದ ಮಗ್ಗುಲಿಗೇ ಹೋಮ್‌ಸ್ಟೇ ಸಿಗುತ್ತದೆ. ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿಯ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಿದೆ. ಮರಳು ಚೊಕ್ಕ, ನೀರು ಚೊಕ್ಕ. ನಾನೊಬ್ಬನೇ ಆಗಿದ್ದರೆ ಅಲ್ಲಿಗೇ ಹೋಗುತ್ತಿದ್ದೆ. ಆದರೆ ಅಕ್ಕನನ್ನು ಅಂಥ ಮನೆಗೆ ಕರೆದುಕೊಂಡು ಹೋದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಬೆಳಗ್ಗೆ ಐದಕ್ಕೆ ಎದ್ದು ಆ ಮನೆಯಾಕೆಯ ಅಡಿಗೆಮನೆ ಹೊಕ್ಕು, “ನೀ ಕಾಯಿ ತುರಿಯವ್ವಾ, ಇದನ್ನ ನಾ ನೋಡ್ಕೊಂತೀನಿ” ಅನ್ನುತ್ತಾಳೆ. ನಮ್ಮ ನೆಂಟರ ಮನೆಗಳಲ್ಲೆಲ್ಲ ಹೀಗೇ ಆಗಿದೆ. ಅವಳ ಕೈಗೆ ಸಿಗದಷ್ಟು ದೂರದಲ್ಲಿ ಅಡಿಗೆಮನೆ ಇರುವ ಜಾಗ ನನಗೆ ಬೇಕಿತ್ತು. ದೊಡ್ಡ ರೆಸಾರ್ಟಿನ ದೊಡ್ಡತನಕ್ಕೆ ನಾನು ಬೆಲೆ ಕಟ್ಟಿದ್ದು ಈ ಒಂದು ಕಾರಣಕ್ಕೆ.

ಅಕ್ಕ ಒಪ್ಪಿಕೊಂಡಳು, ಒಂದು ಕರಾರಿನ ಮೇಲೆ. “ರೊಕ್ಕಕ್ಕ ತಕ್ಕಂಗ ಐತೋ ಇಲ್ಲೋ, ಅದನ್ನ ನಾ ಹೇಳ್ತೀನಿ. ನೀ ಹೇಳಬ್ಯಾಡ.”

ರೈಲು ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುವಾಗ ದೂಧಸಾಗರ ಕಂಡಿತು. ಫೆಬ್ರುವರಿಯಾದ್ದರಿಂದ ನೀರು ಸಣ್ಣಗೆ ಬೀಳುತ್ತಿತ್ತು. ಮಡಗಾಂವದಲ್ಲಿ ಇಳಿದು ಸಾಲ್ಸೆಟ್ ತಾಲ್ಲೂಕಿನ ಕರಾವಳಿಗೆ ಹೋದೆವು. ಬಾಗಿಲಲ್ಲೇ ತಣ್ಣನೆಯ ಒದ್ದೆ ಬಟ್ಟೆ, ಕೋಕಂ ಶರಬತ್ತು. ಅಕ್ಕ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ತೊಳೆದದ್ದು ಚೊಕ್ಕ ಇದೆ ಎಂದು ತಲೆ ಅಲ್ಲಾಡಿಸಿದಳು. ಸಮುದ್ರ ಕಾಣುವ ಖೋಲಿಗೆ ಇನ್ನೂ ಆರು ಸಾವಿರ ಹೆಚ್ಚು ಕೇಳಿದ್ದರು. ನಾನು ತೋಟ ಕಾಣುವ ಖೋಲಿ ತೆಗೆದುಕೊಂಡಿದ್ದೆ. ಅದು ಸರಿಯಾದ ತೀರ್ಮಾನ ಎಂದು ಈಗಲೂ ಹೇಳುತ್ತೇನೆ. ಕಟ್ಟಡ ಕಡಲಿನಿಂದ ದೂರ ಇದೆ. ನಡುವೆ ಹುಲ್ಲು, ತೆಂಗು, ಆಮೇಲೆ ನೇರಳೆ ಹೂವಿನ ಬಳ್ಳಿ ಹಬ್ಬಿದ ಮರಳುದಿಬ್ಬ. ಹೆಚ್ಚು ಹಣ ಕೊಟ್ಟವರಿಗೂ ಕಿಟಕಿಯಲ್ಲಿ ಕಾಣುವುದು ತೆಂಗಿನ ನಡುವಿನ ಒಂದು ನೀಲಿ ಪಟ್ಟಿ ಮಾತ್ರ.

ಈ ದೂರದ ಹಿಂದೆ ಒಂದು ಚರಿತ್ರೆ ಇದೆ. ಅದನ್ನು ತಿಳಿಯದೆ ಇಂಥ ಜಾಗದ ಬೆಲೆ ಕಟ್ಟಬಾರದು ಎಂಬುದು ನನ್ನ ನಂಬಿಕೆ. ಗೋವಾದ ಕಡಲಂಚಿನಲ್ಲಿ ದೊಡ್ಡ ಐಷಾರಾಮಿ ಹೋಟೆಲುಗಳ ಕಾಲ ಶುರುವಾದದ್ದು 1974ರಲ್ಲಿ ತಾಜ್ ಸಮೂಹ ಅಗ್ವಾದ ಕೋಟೆಯ ಮಗ್ಗುಲಲ್ಲಿ ಕಟ್ಟಿದ ಹೋಟೆಲಿನಿಂದ. 1983ರಲ್ಲಿ ಕಾಮನ್‌ವೆಲ್ತ್ ದೇಶಗಳ ನಾಯಕರು ದೆಹಲಿಯ ಸಮ್ಮೇಳನದ ನಡುವೆ ಬಿಡುವಿಗೆಂದು ಬಂದದ್ದೂ ಗೋವಾಕ್ಕೇ. ಅದಕ್ಕೆ ಎರಡು ವರ್ಷ ಮೊದಲು, 1981ರ ನವೆಂಬರಿನಲ್ಲಿ, ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ದಂಡೆಯನ್ನು ಕಟ್ಟಡವಿಲ್ಲದೆ ಬಿಡಬೇಕೆಂದು ಹೇಳಿದ್ದರು. 1991ರ ಫೆಬ್ರುವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. ಊರು ಬೆಳೆಯದ ದಂಡೆಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರಿನೊಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ ಎಂದಾಯಿತು. ಮರಳುದಿಬ್ಬ, ಅದರ ಮೇಲಿನ ಬಳ್ಳಿ ಉಳಿದದ್ದರ ಹಿಂದೆ ಈ ಕಾನೂನಿದೆ.

ಮರಳಂತೂ ಯಾವ ಹೋಟೆಲಿನದೂ ಅಲ್ಲ. ಪಣಜಿಯ ಬಳಿಯ ದೋನಾಪಾವ್ಲದ ಹತ್ತಿರ ವಾಯಂಗಿಣಿ ಎಂಬ ಸಣ್ಣ ಕಡಲತೀರವಿದೆ. ಅಲ್ಲಿಗೆ ಊರಿನವರು ನಡೆದುಹೋಗುವ ದಾರಿಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರ ಜನವರಿಯಲ್ಲಿ ಕೋರ್ಟು ಊರಿನವರ ಪರ ತೀರ್ಪು ಕೊಟ್ಟು, ದಾರಿ ತೆರೆದಿರಬೇಕು, ಇಂಥ ನೈಸರ್ಗಿಕ ಸಂಪತ್ತು ಜನರ ಪರವಾಗಿ ಸರ್ಕಾರದ ಕೈಯಲ್ಲಿರುವ ನಂಬಿಗೆಯ ಆಸ್ತಿ ಎಂದಿತು. ಆ ತೀರ್ಪಿನ ಬಗ್ಗೆ ನನಗೆ ಬಹಳ ಗೌರವ. ಸಂಜೆ ನಾವು ನೀರಿನ ಅಂಚಿಗೆ ಹೋದಾಗ ಊರಿನ ಮಕ್ಕಳು ಚೆಂಡು ಆಡುತ್ತಿದ್ದರು, ಮೀನುಗಾರರು ಬಲೆ ಒಣಗಿಸಿದ್ದರು. ಜೀವರಕ್ಷಕರ ಎತ್ತರದ ಕುರ್ಚಿ ಇತ್ತು. 2008ರಿಂದ ಗೋವಾ ಸರ್ಕಾರವೇ ಒಂದು ಸಂಸ್ಥೆಯ ಮೂಲಕ ಅವರನ್ನು ಇರಿಸಿದೆ. ಅಂದರೆ ಸಮುದ್ರಕ್ಕೆ, ಮರಳಿಗೆ, ಮುಳುಗುವವರನ್ನು ಎತ್ತುವ ಕೈಗಳಿಗೆ ನಾನು ರೆಸಾರ್ಟಿಗೆ ಒಂದು ಪೈಸೆಯನ್ನೂ ಕೊಟ್ಟಿರಲಿಲ್ಲ. ಸಮುದ್ರ ನೋಡಲೆಂದೇ ಹೋಗುವವರು ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಅಕ್ಕ ಸೀರೆಯ ನಿರಿಗೆ ಎತ್ತಿ ಹಿಡಿದು ಮೊಣಕಾಲಿನವರೆಗೆ ನೀರಿನಲ್ಲಿ ನಿಂತಳು. ತೆರೆ ಹಿಂದೆ ಸರಿಯುವಾಗ ಕಾಲಡಿಯ ಮರಳು ಕುಸಿದರೆ ನನ್ನ ತೋಳು ಗಟ್ಟಿಯಾಗಿ ಹಿಡಿಯುತ್ತಿದ್ದಳು. ಬಹಳ ಹೊತ್ತು ಮಾತಾಡಲಿಲ್ಲ. ಕತ್ತಲಾದ ಮೇಲೆ, “ಈ ಸಲ ಕೈಯಾಗ ಏನೂ ಇರಲಿಲ್ಲ ನೋಡು” ಅಂದಳು. ಗೋಕರ್ಣದ ಗಡಿಗೆಯ ಮಾತು ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವಳು ಹಾಸಿಗೆ ಕೊಡವಿ, ಚಾದರ ಮಡಚಿ, ಸ್ನಾನದ ಟವೆಲ್ಲುಗಳನ್ನು ಹಿಂಡಿ ಹರವಿದ್ದಳು. ಒಂಬತ್ತಕ್ಕೆ ಖೋಲಿ ಸ್ವಚ್ಛ ಮಾಡುವ ಹುಡುಗಿ ಬಂದಳು. ನಾವು ಮಾತಾಡುವುದನ್ನು ಬಾಗಿಲಲ್ಲೇ ಕೇಳಿಸಿಕೊಂಡು, “ನಮ್ಮ ಕಡಿಯೋರನ್ರೀ?” ಅಂದಳು. ಬಾದಾಮಿ ತಾಲ್ಲೂಕಿನವಳು. ಅಪ್ಪ ಅವ್ವ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಬಂದವರು, ಇವಳು ಇಲ್ಲೇ ಬೆಳೆದಳು. ವಾಸ್ಕೋ, ಮಡಗಾಂವ ಕಡೆ ಹೋದರೆ ಇಂಥ ಕನ್ನಡದ ಮನೆಗಳು ಎಷ್ಟೋ ಇವೆ. ಉತ್ತರ ಕರ್ನಾಟಕದ ದುಡಿಮೆ ಸೇರಿರದ ಗೋಡೆ ಅಲ್ಲಿ ಕಡಿಮೆ.

ಅಕ್ಕ ಮಡಚಿಟ್ಟ ಚಾದರ ನೋಡಿ ಆ ಹುಡುಗಿ ಮೆಲ್ಲಗೆ ಹೇಳಿದಳು: “ಅಕ್ಕಾರ, ನೀವು ಹಿಂಗ ಮಾಡಿದ್ರ ನನಗ ಎರಡೆರಡು ಕೆಲಸ ಆಗತದ್ರಿ. ಎಲ್ಲಾ ಬಿಚ್ಚಿ ಮತ್ತ ಹಾಸಬೇಕ. ನೀವು ಕೂಡ್ರಿ.”

ಅಕ್ಕನಿಗೆ ಕೆಲಸ ಬಿಡು ಎಂದವರು ಬಹಳ ಜನ. ನಾನು ಹೇಳಿದ್ದೇನೆ, ಡಾಕ್ಟರು ಹೇಳಿದ್ದಾರೆ. ನೀನು ಮಾಡಿದರೆ ಇನ್ನೊಬ್ಬರಿಗೆ ಭಾರ ಎಂದವರು ಯಾರೂ ಇರಲಿಲ್ಲ. ಅವಳು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತಳು. ಕೂತು ಆ ಹುಡುಗಿಯ ಕೈಯನ್ನೇ ನೋಡಿದಳು, ಒಬ್ಬ ಕಸಬುದಾರಳು ಇನ್ನೊಬ್ಬಳನ್ನು ನೋಡುವ ಹಾಗೆ. ಪಾಳಿಗೆ 14 ಖೋಲಿ, ಎಂಟು ತಾಸು. ಒಂದು ಖೋಲಿಗೆ ಅರ್ಧ ತಾಸಿನ ಮೇಲೆ ನಾಲ್ಕು ನಿಮಿಷ. ಒಂದು ಹಾಸಿಗೆಗೆ ಮೂರು ಜತೆ ಚಾದರ: ಒಂದು ಮೈಮೇಲೆ, ಒಂದು ಒಗೆಯಲು, ಒಂದು ಕಪಾಟಿನಲ್ಲಿ. ಖೋಲಿ 240, ಸೀಸನ್ನಿನಲ್ಲಿ ಕೆಲಸದವರು ಐನೂರರ ಮೇಲೆ. ಅಕ್ಕ ಬೆರಳು ಮಡಚಿ ಎಣಿಸಿದಳು. “ಅಂದ್ರ ಒಂದು ಖೋಲಿಗೆ ಇಬ್ಬರ ಮ್ಯಾಲ ಮಂದಿ ದುಡಿತಾರ.” ನೂರಿಪ್ಪತ್ತು ಊಟಕ್ಕೆ ಐದು ಜನ ದುಡಿಯುವ ಖಾನಾವಳಿಯಿಂದ ಬಂದವಳು ಅವಳು. ಆ ಹೊತ್ತಿನ ನಂತರ ದರದ ವಿಷಯವಾಗಿ ಅವಳ ದನಿ ಬದಲಾಯಿತು. ನಾವು ತಾಸಿಗೆ 1,180 ರೂಪಾಯಿ ಕೊಟ್ಟು ಕೊಂಡದ್ದು ಅಮೃತಶಿಲೆಯನ್ನಲ್ಲ, ಈಜುಕೊಳವನ್ನಲ್ಲ, ಅಷ್ಟು ಜನರ ಹೊತ್ತನ್ನು ಎಂದು ನನಗೂ ಆಗಲೇ ಹೊಳೆದದ್ದು.

“ನೀ ಸಮುದ್ರದ ದಂಡಿಗೆ ಹೋಗತೀಯೇನು ತಂಗಿ?” ಎಂದು ಅಕ್ಕ ಕೇಳಿದಳು. ಐದೂವರೆಗೆ ಬಸ್ಸು ಬಿಡುತ್ತದೆ, ಸೂಟಿಯ ದಿನ ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದಳು ಹುಡುಗಿ. ಅಕ್ಕ ಚೀಲದಲ್ಲಿ ತಂದಿದ್ದ ಖಡಕ್ ರೊಟ್ಟಿಯ ಗಂಟನ್ನೂ ಅಗಸಿ ಹಿಂಡಿಯ ಡಬ್ಬಿಯನ್ನೂ ಅವಳ ಗಾಡಿಯ ಕೆಳಗಿನ ಹಲಗೆಯ ಮೇಲೆ ಇಟ್ಟಳು.

ಊಟದ ಬಗ್ಗೆ ನಮ್ಮಿಬ್ಬರ ಅಭಿಪ್ರಾಯವೂ ಒಂದೇ. ಬೆಳಗಿನ ಬಫೆಯಲ್ಲಿ ನೂರು ಬಗೆ ಇತ್ತು. ಮನುಷ್ಯ ತಿನ್ನುವುದು ಐದು. ಹತ್ತೂವರೆಗೆ ತಟ್ಟೆಗಳನ್ನು ಎತ್ತುವಾಗ ಅಕ್ಕ ಅಲ್ಲಿದ್ದ ಹುಡುಗ ಅಡಿಗೆಯವನನ್ನು ನಿಲ್ಲಿಸಿ, ಉಳಿದದ್ದು ಎಲ್ಲಿ ಹೋಗುತ್ತದೆ ಎಂದು ಕೇಳಿದಳು. ಸ್ವಲ್ಪ ನೌಕರರ ಊಟಕ್ಕೆ, ಬಹಳಷ್ಟು ಗೊಬ್ಬರಕ್ಕೆ. ಅವಳು ಅವತ್ತು ಮಧ್ಯಾಹ್ನ ಅಲ್ಲಿ ಊಟ ಮಾಡಲು ಒಪ್ಪಲಿಲ್ಲ. ಸಿಟ್ಟಿನಿಂದಲ್ಲ, ಅನ್ನ ಚೆಲ್ಲುವ ಜಾಗದಲ್ಲಿ ಅವಳಿಗೆ ಹಸಿವಾಗುವುದಿಲ್ಲ. ಊರಿನ ದಾರಿಯಲ್ಲಿ ನಡೆದು ದಂಡೆಯ ಮೇಲಿನ ಶ್ಯಾಕ್ ಒಂದರಲ್ಲಿ ಅನ್ನ, ಸೋಲ್ ಕಡಿ, ಹುರಿದ ಬದನೆಕಾಯಿ ಉಂಡೆವು. ಇಬ್ಬರಿಗೂ ಸೇರಿ ರೆಸಾರ್ಟಿನ ಎರಡು ಚಹಾದಷ್ಟೇ ಹಣವಾಯಿತು. ಅಕ್ಟೋಬರಿನ ಹೊತ್ತಿಗೆ ಬಿದಿರು, ತೆಂಗಿನ ಗರಿಯಿಂದ ಎದ್ದು, ಮಳೆಗೆ ಮುಂಚೆ ಬಿಚ್ಚಿಹೋಗುವ ಇಂಥ ಅಂಗಡಿಗಳು ಇರುವವರೆಗೆ ಒಳಗಿನ ಊಟಕ್ಕೆ ದುಡ್ಡು ಸುರಿಯುವ ಅಗತ್ಯ ಯಾರಿಗೂ ಇಲ್ಲ. ಖೋಲಿಯ ಜತೆ ಬೆಳಗಿನ ತಿಂಡಿ ಸೇರಿದ್ದರೆ ಸಾಕು.

ಮೂರನೆಯ ಬೆಳಗ್ಗೆ ಅಕ್ಕ ಏಳು ಗಂಟೆಯವರೆಗೆ ಮಲಗಿದ್ದಳು. ಅವಳು ಸೂರ್ಯ ಮೂಡಿದ ಮೇಲೆ ಎದ್ದದ್ದನ್ನು ನಾನು ನೋಡಿದ್ದು ಟೈಫಾಯ್ಡ್ ಬಂದಾಗ ಒಮ್ಮೆ. ಎದ್ದು, ಹಾಸಿಗೆಯನ್ನು ಹಾಗೇ ಬಿಟ್ಟು, ವರಾಂಡದಲ್ಲಿ ಕಾಲು ಚಾಚಿ ಕೂತಳು. ಯಾರೋ ಚಹಾ ತಂದಿಟ್ಟು ಹೋದರು. ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಆರುವ ಮುಂಚೆ ಕುಡಿದಳು. ಖಾನಾವಳಿಯಲ್ಲಿ ಅವಳ ಚಹಾ ದಿನವೂ ಕೆನೆಗಟ್ಟಿ ಆರಿರುತ್ತದೆ. ಬಿಸಿ ಚಹಾ ಕುಡಿಯುವ ಅಕ್ಕನನ್ನು ನೋಡುತ್ತ ನನಗೆ ಗಂಟಲು ಕಟ್ಟಿತು. 51,920ರಲ್ಲಿ ಈ ಅರ್ಧ ತಾಸಿಗೆ ಎಷ್ಟು ಸಂದಿತು ಎಂದು ಕೇಳಿದರೆ ನಾನು ಎಲ್ಲವೂ ಎನ್ನುತ್ತೇನೆ.

ಕೌಂಟರಿನಲ್ಲಿ ಬಿಲ್ಲನ್ನು ಅವಳೇ ಇಸಿದುಕೊಂಡು ಸಾಲುಸಾಲಾಗಿ ಓದಿದಳು. ಖೋಲಿ, ತೆರಿಗೆ, ಎರಡು ಬಾಟಲಿ ನೀರು. ಓದಿ ಮುಗಿಸಿ, ಖೋಲಿ ಮಾಡಿದ ಹುಡುಗಿಗೆ ಕೊಡಬೇಕು ಎಂದು ನನ್ನಿಂದ ಸಾವಿರ ರೂಪಾಯಿ ತೆಗೆದುಕೊಂಡು, ಆಚೆಯ ಮೊಗಸಾಲೆಯವರೆಗೆ ಕುಂಟುತ್ತ ಹೋಗಿ ಅವಳ ಕೈಯಲ್ಲೇ ಇಟ್ಟು ಬಂದಳು.

ರೈಲಿನಲ್ಲಿ ನಾನು ಏನನ್ನೂ ಕೇಳಲಿಲ್ಲ, ಕರಾರು ಹಾಗಿತ್ತು. ಅವಳೂ ಹೇಳಲಿಲ್ಲ. ಒಂದು ವಾರದ ಮೇಲೆ ಖಾನಾವಳಿಗೆ ಹೋದಾಗ ಹಿಟ್ಟಿನ ಡಬ್ಬಿಗಳ ಸಾಲಿನಲ್ಲಿ ಹೊಸ ಸ್ಟೀಲಿನ ಡಬ್ಬಿಯೊಂದು ಇತ್ತು. ದಿನವೂ ಗಲ್ಲಾ ಎಣಿಸಿದ ಮೇಲೆ ಅದರಲ್ಲಿ ಇನ್ನೂರು ರೂಪಾಯಿ ಹಾಕುತ್ತಾಳಂತೆ. ರೊಟ್ಟಿ ಬಡಿಯುವ ನಾಲ್ವರಿಗೂ ಅದು ಯಾತಕ್ಕೆಂದು ಗೊತ್ತಿತ್ತು.

“ಮಳಿಗಾಲದಾಗ ಅರ್ಧ ರೊಕ್ಕ ಅಂದಿದ್ದೆಲ್ಲಾ ನೀ?” ಅಂದಳು ಅಕ್ಕ. “ಐದೂ ಮಂದಿ ಹೋಗತೀವಿ. ಅಷ್ಟು ದೊಡ್ಡದ ಬೇಕಂತಿಲ್ಲ, ಎಲ್ಲೆರ ನೋಡು. ಅಡಿಗಿಮನಿ ಒಂದು ನಮ್ಮ ಕಣ್ಣಿಗೆ ಬೀಳಬಾರದು.”