ತಾತನ ಮುಖದ ಮೇಲಿನ ವಾರ್ನಿಷ್

ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಇದೆಯಲ್ಲ, ಅದು ಪೂರ್ತಿ ಟಿಪ್ಪು ಕಾಲದ್ದಲ್ಲ. ಹಾಳಾಗಿದ್ದ ಚಿತ್ರವನ್ನು 1855ರಲ್ಲಿ ಲಾರ್ಡ್ ಡಾಲ್‌ಹೌಸಿ ಮತ್ತೆ ಬರೆಸಿದ. ಹಳೇ ಚಿತ್ರ ನೆನಪಿದ್ದ ಒಬ್ಬ ಕಲಾವಿದ ಸಿಕ್ಕಿದ್ದ ಅನ್ನೋದು ಪುಣ್ಯ.

ಕೆ.ಆರ್.ಪೇಟೆ ಹತ್ತಿರದ ನಮ್ಮ ಮನೇಲಿ ಆ ಪುಣ್ಯ ಇಲ್ಲ. ತಾತನ ಫೋಟೋ ಒಂದೂ ಉಳಿದಿಲ್ಲ. ಪಾಂಡವಪುರದಲ್ಲಿ ಬೋರ್ಡ್ ಬರೆಯುತ್ತಿದ್ದ ಕಲಾವಿದರೊಬ್ಬರು ಬರೆದ ಪೇಂಟಿಂಗ್ ಮಾತ್ರ ಇದೆ. ಯಾವಾಗಲೋ ಬಾಗಿಲಿಗೆ ಬಳಿದು ಮಿಕ್ಕ ವಾರ್ನಿಷನ್ನು 'ಹೊಳಪು ಬರಲಿ' ಅಂತ ಅದಕ್ಕೂ ಬಳಿದಿದ್ದಾರೆ. ಈಗ ಅದು ಬೆಲ್ಲದ ಪಾಕದ ಬಣ್ಣ. ತಾತನ ಬಿಳಿ ಪಂಚೆ ಕಂದಾಗಿದೆ, ಕಣ್ಣು ಹುಡುಕಬೇಕು.

ಹೋದ ವರ್ಷ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ನಾಗಮಂಗಲದ ಮಾವ, "ಥಿನ್ನರ್‌ನಾಗೆ ಒರೆಸ್ಬುಟ್ರೆ ಫಳಫಳ ಅಂತದೆ ಬುಡು" ಅಂದರು. ಅವ್ವ, "ಮುಖ ಹೊಂಟೋದ್ರೆ ಎಲ್ಲಿಂದ ತತ್ತೀಯಪ್ಪಾ?" ಅಂದಳು.

ಅವ್ವ ಕೇಳಿದ್ದು ಅಪ್ಪಟ ಕೆಮಿಸ್ಟ್ರಿ ಪ್ರಶ್ನೆ. ವಾರ್ನಿಷ್ ಕರಗಿಸುವ ದ್ರಾವಕಕ್ಕೆ ವಾರ್ನಿಷ್ ಎಲ್ಲಿ ಮುಗೀತು, ಬಣ್ಣ ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲ್ಲ. ನೂರಾರು ವರ್ಷದ ಎಣ್ಣೆಬಣ್ಣವಾದರೆ ಗಟ್ಟಿಯಾಗಿ ಒಂದಿಷ್ಟು ತಡೆದುಕೊಳ್ಳುತ್ತೆ. ಇತ್ತೀಚಿನ ಚಿತ್ರಗಳು ಹಾಗಲ್ಲ. ಅಕ್ರಿಲಿಕ್ ಬಣ್ಣವಂತೂ ಥಿನ್ನರ್‌ಗೆ ಕರಗುತ್ತೆ, ನೀರಿಗೂ ಉಬ್ಬುತ್ತೆ.

ಇದಕ್ಕೆ ಚಿತ್ರ ಸಂರಕ್ಷಕರು ಕಂಡುಕೊಂಡ ಒಂದು ದಾರಿ ಜೆಲ್. ದ್ರಾವಕವನ್ನು ಮಂದ ಮಾಡಿ ಬಳಸುವ ಈ ವಿಧಾನವನ್ನು 1980ರ ದಶಕದಿಂದ ಬೆಳೆಸಿದವರಲ್ಲಿ ಅಮೆರಿಕದ ರಿಚರ್ಡ್ ವೋಲ್ಬರ್ಸ್ ಮುಖ್ಯರು. ಹತ್ತಿಯಲ್ಲಿ ಒರೆಸಿದರೆ ದ್ರಾವಕ ಬಿರುಕಿನೊಳಗೆ ಇಳಿಯುತ್ತೆ, ಉಜ್ಜುವುದರಿಂದ ಬಣ್ಣವೂ ಸವೆಯುತ್ತೆ. ಜೆಲ್ ಇಟ್ಟಲ್ಲೇ ಕೂತು, ಸ್ವಲ್ಪಸ್ವಲ್ಪವೇ ದ್ರಾವಕ ಬಿಡುತ್ತೆ. ಮೇಲಿನ ಪದರ ಮೆತ್ತಗಾದ ತಕ್ಷಣ ಎತ್ತಿಬಿಡಬಹುದು. ನೀರಿನಂಶದ ದ್ರವಗಳಿಗೆ ನಮ್ಮ ಅಡುಗೆಮನೆಯ ಚೈನಾ ಗ್ರಾಸ್, ಅಂದರೆ ಅಗರ್ ಕೂಡ ಆಗುತ್ತೆ. ಇಟಲಿಯ ಫ್ಲಾರೆನ್ಸಿನ ವಿಜ್ಞಾನಿಗಳು ಮಾಡಿದ ಜೆಲ್‌ನಿಂದ ಜಾಕ್ಸನ್ ಪೊಲಾಕ್‌ನ ಚಿತ್ರಗಳ ಕೊಳೆ ತೆಗೆದಿದ್ದಾರೆ.

ಹಾಗಂತ ಯೂಟ್ಯೂಬ್ ನೋಡಿ ಮನೇಲಿ ಶುರು ಮಾಡ್ಬೇಡಿ. ಯಾವ ದ್ರಾವಕ, ಎಷ್ಟು ನಿಮಿಷ ಅನ್ನೋದು ಒಂದೊಂದು ಚಿತ್ರಕ್ಕೂ, ಒಂದೇ ಚಿತ್ರದ ಒಂದೊಂದು ಬಣ್ಣಕ್ಕೂ ಬೇರೆ. ಜೆಲ್‌ನ ಚೂರು ಹಿಂದೆ ಉಳಿದರೆ ಅದೂ ತೊಂದರೆಯೇ. ನಮ್ಮ ಕೆಲಸದ ಹಾಗೆ ಇಲ್ಲಿ ರೋಲ್‌ಬ್ಯಾಕ್ ಇಲ್ಲ.

ತಾತನನ್ನು ಬೆಂಗಳೂರಿನ ಸಂರಕ್ಷಕರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಪಂಚೆಯ ಅಂಚಲ್ಲಿ ಅಕ್ಕಿಕಾಳಿನಷ್ಟು ಜಾಗಕ್ಕೆ ಜೆಲ್ ಇಟ್ಟು ತೆಗೆದರು. ಕಂದು ಹೋಗಿ ಬಿಳುಪು ಬಂತು. ಆಮೇಲೆ ಕೋಟಿನ ಮೂಲೇಲಿ ಇಟ್ಟರು. ಜೆಲ್ ಎತ್ತಿ ಹತ್ತಿ ಸೋಕಿಸಿದಾಗ ಹತ್ತಿಗೆ ಕಪ್ಪು ಅಂಟಿತು. ಅಲ್ಲಿಗೇ ನಿಲ್ಲಿಸಿದರು. ಮುಖಕ್ಕೆ ಕೈ ಹಚ್ಚಲಿಲ್ಲ.

ಈಗ ತಾತನ ಪಂಚೆ ಬಿಳಿ, ಮುಖ ಬೆಲ್ಲದ ಬಣ್ಣವೇ. ಅವ್ವನಿಗೆ ಅಷ್ಟು ಸಾಕಂತೆ. ಮಾವ ತಂದಿದ್ದ ಥಿನ್ನರ್ ಗೇಟಿನ ಪೇಂಟಿಗೆ ಆಯ್ತು.