ಅಂಬೆಯ ಪ್ರಶ್ನೆ

ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಗಮಕಗೋಷ್ಠಿಗಳಲ್ಲಿ ಭಾರತವನ್ನು ಕೇಳಿ ಬೆಳೆದವರಿಗೆ ಕಾಶೀರಾಜನ ಪುತ್ರಿಯರ ವೃತ್ತಾಂತ ಹೊಸದಲ್ಲ. ಭೀಷ್ಮನು ಏಕಾಂಗಿಯಾಗಿ ಸ್ವಯಂವರ ಮಂಟಪವನ್ನು ಹೊಕ್ಕು, ತಮ್ಮನಾದ ವಿಚಿತ್ರವೀರ್ಯನಿಗಾಗಿ ಅಂಬೆ, ಅಂಬಿಕೆ, ಅಂಬಾಲಿಕೆಯರನ್ನು ರಥಕ್ಕೇರಿಸಿಕೊಂಡು, ಅಡ್ಡಬಂದ ಅರಸರನ್ನೆಲ್ಲ ಸೋಲಿಸಿ ಹಸ್ತಿನಾವತಿಗೆ ಕರೆತಂದನು. ಆತನ ಪರಾಕ್ರಮಕ್ಕೆ ತಲೆದೂಗುವ ಶ್ರೋತೃಗಳಿಗೆ, ರಥದಲ್ಲಿದ್ದ ಮೂವರ ಮನಸ್ಸಿನಲ್ಲಿ ಏನಿತ್ತೆಂಬ ವಿಚಾರ ಹೊಳೆಯುವುದು ತಡವಾಗಿಯೇ.

ಇಂಥದೇ ಕಥೆ ರೋಮನ್ನರಲ್ಲಿಯೂ ಉಂಟು. ರೊಮ್ಯುಲಸನು ಕಟ್ಟಿದ ಹೊಸ ನಗರಕ್ಕೆ ನೆರೆಯವರು ಹೆಣ್ಣು ಕೊಡಲೊಪ್ಪದಿರಲು, ಆತನು ಉತ್ಸವದ ನೆಪದಿಂದ ಸೇಬೈನರನ್ನು ಸಕುಟುಂಬವಾಗಿ ಕರೆಸಿ, ಸಂಕೇತವಿತ್ತೊಡನೆ ಅವರ ಕನ್ಯೆಯರನ್ನು ಅಪಹರಿಸುವಂತೆ ಮಾಡಿದನೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಅತಿಥಿದ್ರೋಹವನ್ನು ನಗರದ ಮೂಲಕಥೆಯಾಗಿ ಹೇಳಿಕೊಂಡದ್ದು ವಿಚಿತ್ರವೇ ಸರಿ. ಮುಂದೆ ತಂದೆಯರು ದಂಡೆತ್ತಿ ಬಂದಾಗ ಆ ಸ್ತ್ರೀಯರೇ ಎರಡು ಸೈನ್ಯಗಳ ನಡುವೆ ನುಗ್ಗಿ ಸಂಧಿ ಮಾಡಿಸಿದರು. ಫ್ಲಾರೆನ್ಸಿನಲ್ಲಿರುವ ಜಾಂಬೊಲೋನ್ಯನ 1583ರ ಅಮೃತಶಿಲೆಯ ಪ್ರತಿಮೆಯಲ್ಲಿ, ಎತ್ತಿಹಿಡಿಯಲ್ಪಟ್ಟ ತರುಣಿ ಆಕಾಶದತ್ತ ಕೈಚಾಚಿದ್ದಾಳೆ. ಫ್ರಾನ್ಸಿನ ಡಾವಿಡನ 1799ರ ಚಿತ್ರದಲ್ಲಿ ಹರ್ಸಿಲಿಯ ಎಂಬಾಕೆ ತೋಳುಗಳನ್ನಗಲಿಸಿ ಕಾದಾಡುವವರ ನಡುವೆ ನಿಂತಿದ್ದಾಳೆ.

ಕಾಶಿಯ ಕಥೆಯಲ್ಲಿ ಸಂಧಿಯಿಲ್ಲ. ತಾನು ಸಾಲ್ವನನ್ನು ಮನಸಾ ವರಿಸಿದವಳೆಂದು ಅಂಬೆ ಹೇಳಿದಳು. ಭೀಷ್ಮನು ಆಕೆಯನ್ನು ಕಳುಹಿಸಿಕೊಟ್ಟನು. ಪರನು ಗೆದ್ದೊಯ್ದವಳೆಂದು ಸಾಲ್ವನು ನಿರಾಕರಿಸಿದನು. ಬ್ರಹ್ಮಚರ್ಯದ ಪ್ರತಿಜ್ಞೆಯನ್ನು ಮುಂದಿಟ್ಟು ಭೀಷ್ಮನೂ ಕೈಬಿಟ್ಟನು. ಒಬ್ಬೊಬ್ಬರ ಬಳಿಯೂ ಒಂದೊಂದು ಧರ್ಮವಿತ್ತು, ಅವಳಿಗೆ ಮನೆಯಿರಲಿಲ್ಲ. ಪರಶುರಾಮನೇ ಹೋರಾಡಿದರೂ ನ್ಯಾಯ ದೊರೆಯದೆ, ತಪಸ್ಸುಮಾಡಿ ಶಿಖಂಡಿಯಾಗಿ ಹುಟ್ಟಿಬರಬೇಕಾಯಿತು.

ಮಾತನಾಡದ ತಂಗಿಯರ ಪಾಡಾದರೂ ಏನು? ಪತಿಯು ಅಕಾಲದಲ್ಲಿ ತೀರಿಕೊಂಡ ಮೇಲೆ, ವಂಶೋದ್ಧಾರಕ್ಕೆಂದು ವ್ಯಾಸರನ್ನು ಅವರ ಬಳಿಗೆ ಕಳುಹಿಸಲಾಯಿತು. ಅಂಬಿಕೆ ಕಣ್ಣು ಮುಚ್ಚಿಕೊಂಡಳು, ಅಂಬಾಲಿಕೆ ಬಿಳಿಚಿಕೊಂಡಳು. ಅವರಿಂದ ಸಾಧ್ಯವಾದ ಪ್ರತಿಭಟನೆ ಅಷ್ಟೇ. ಹುಟ್ಟುಗುರುಡ ಧೃತರಾಷ್ಟ್ರನೂ ಪಾಂಡುವೂ ಜನಿಸಿದ್ದು ಹಾಗೆ. ಕುರುಕ್ಷೇತ್ರದ ಬೀಜ ಆ ರಥದಲ್ಲಿಯೇ ಇತ್ತೆಂದರೆ ಉತ್ಪ್ರೇಕ್ಷೆಯಾಗಲಾರದು.

ಅಂಬೆಗೆ ಕಲ್ಲಿನಲ್ಲಿ ದೊರೆಯದ ಸ್ಥಾನ ಕರಾವಳಿಯ ತಾಳಮದ್ದಳೆಯಲ್ಲಿ ದೊರೆತಿದೆ. ಪ್ರಸಂಗದ ಹೆಸರು ‘ಭೀಷ್ಮ ವಿಜಯ’ವೇನೋ ಹೌದು, ಆದರೆ ಅಂಬೆಯ ಅರ್ಥಧಾರಿಯು ಆಶುವಾಗಿ ವಾದ ಹೂಡತೊಡಗಿದರೆ ವಿಜಯ ಯಾರದೆಂಬುದೇ ಸಂದೇಹವಾಗುತ್ತದೆ. ತನಗೆ ಬೇಡದವಳನ್ನು ಗೆದ್ದು ತಂದದ್ದೇಕೆ, ತರುವ ಮುನ್ನ ಒಂದು ಮಾತು ಕೇಳಲಿಲ್ಲವೇಕೆ ಎಂದು ಆಕೆ ಕೇಳುತ್ತಾಳೆ. ಎದುರು ಕುಳಿತ ಭೀಷ್ಮನು ಶಾಸ್ತ್ರವನ್ನು ಉದ್ಧರಿಸಿ ಉತ್ತರಿಸುತ್ತಾನೆ. ಆಕೆ ಮತ್ತೆ ಕೇಳುತ್ತಾಳೆ.